ಹಿರಣ್ಯಕೇಶಿಯ ಜಲಾನಯನ: ಬದುವಿನಿಂದ ಕುಡಿಯುವ ನೀರಿನವರೆಗೆ

ಜಲಾನಯನ ಅಂದರೆ ಚೆಕ್ ಡ್ಯಾಮ್ ಮತ್ತು ಕೃಷಿ ಹೊಂಡ ಎನ್ನುವ ತಿಳುವಳಿಕೆ ನಮ್ಮ ಹುಕ್ಕೇರಿ, ಗೋಕಾಕ ಸೀಮೆಯಲ್ಲಿ ಗಟ್ಟಿಯಾಗಿ ಬೇರೂರಿದೆ. ಕಾಮಗಾರಿ ಮುಗಿದು ಫಲಕ ನಿಂತರೆ ಕೆಲಸವಾಯಿತು. ಆದರೆ ಎಲ್ಲಿ ಬಿದ್ದ ಮಳೆ ಹರಿದು ನಮ್ಮ ಹಳ್ಳಕ್ಕೆ, ಹೊಳೆಗೆ ಬರುತ್ತದೋ ಆ ನೆಲವೆಲ್ಲ ನಮ್ಮ ಜಲಾನಯನವೇ. ಹಾಗೆ ನೋಡಿದರೆ ಸಂಕೇಶ್ವರದ ಜಲಾನಯನ ಶುರುವಾಗುವುದು ಮಹಾರಾಷ್ಟ್ರದ ಆಂಬೋಲಿ ಕಾಡಿನಲ್ಲಿ. ಅಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ; ಗೋಕಾಕದ ಬಯಲಿಗೆ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಆಂಬೋಲಿಯಲ್ಲಿ ಹುಟ್ಟಿ ಆಜರಾ, ಗಡಹಿಂಗ್ಲಜ ದಾಟಿ ಬರುವ ಹಿರಣ್ಯಕೇಶಿ ಹೊಳೆ ಸಂಕೇಶ್ವರವನ್ನು ಹಾದು ಘಟಪ್ರಭೆ ಸೇರುತ್ತದೆ.

ಈ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದಾಗ, 1942ರ ಭೂಸುಧಾರಣಾ ಯೋಜನೆಗಳ ಕಾಯ್ದೆ ಬಂದ ಮೇಲೆ, ಒಣ ಹೊಲಗಳಿಗೆ ಸಮಪಾತಳಿ ಬದು ಹಾಕುವ ಕೆಲಸ ನಡೆಯಿತು. ಆಗಿನ ಚಿಂತೆ ಕೊಚ್ಚಿಹೋಗುವ ಮಣ್ಣಿನದು. ನೀರಿನ ಹೊಣೆ ಅಣೆಕಟ್ಟು ಕಟ್ಟುವವರದು: ಮೊದಲು ಧೂಪದಾಳ, ಆಮೇಲೆ 51 ಟಿಎಂಸಿಯ ಹಿಡಕಲ್. ಮಣ್ಣಿನವರೂ ನೀರಿನವರೂ ಒಂದೆಡೆ ಕೂತು ಯೋಚಿಸಲಿಲ್ಲ. ಅದರ ಫಲವನ್ನು ಜಲಾಶಯಗಳ ಹೂಳು ಇಂದಿಗೂ ಹೇಳುತ್ತದೆ.

ನಮ್ಮ ತಲೆಮಾರು ಜಲಾನಯನದ ಕೆಲಸ ಕಲಿತದ್ದು 1994ರ ಹನುಮಂತರಾವ್ ಸಮಿತಿಯ ವರದಿಯ ನಂತರ. ಅದು ಹಾಕಿಕೊಟ್ಟ ಮಾದರಿ: ಸುಮಾರು 500 ಹೆಕ್ಟೇರಿನ ಕಿರು ಜಲಾನಯನ, ಊರಿನದೇ ಸಮಿತಿ, ರೈತರದೇ ವಂತಿಗೆ. ವಿಶ್ವಬ್ಯಾಂಕ್ ನೆರವಿನ ಸುಜಲ ಯೋಜನೆ (2001–2009) ಇದನ್ನು ಇನ್ನೂ ಮುಂದೆ ಒಯ್ದಿತು. ರೈತ, ಅವನ ಹೆಂಡತಿ ತಮ್ಮ ಹೊಲದ ನಕ್ಷೆ ಮುಂದಿಟ್ಟುಕೊಂಡು ಬದು ಎಲ್ಲಿ, ಗಿಡ ಎಲ್ಲಿ, ಹೆಚ್ಚಾದ ನೀರು ಹೊರಬೀಳುವ ಕಲ್ಲಿನ ಕಟ್ಟೆ ಎಲ್ಲಿ ಎಂದು ತಾವೇ ಗೆರೆ ಹಾಕಿದರು. ತಾವೇ ಹಾಕಿದ ಗೆರೆಯ ಬದುವನ್ನು ಯಾರೂ ಒಡೆಯುವುದಿಲ್ಲ. ನಾನು ಕಂಡ ಪದ್ಧತಿಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಅದು ನಡೆದದ್ದು ಐದು ಜಿಲ್ಲೆಗಳಲ್ಲಿ. ಪಕ್ಕದ ಧಾರವಾಡ ಸೇರಿತು, ಬೆಳಗಾವಿ ಸೇರಲಿಲ್ಲ. ಅನಂತರದ ಯೋಜನೆಗಳಲ್ಲಿ ರೈತನ ಕೈಯ ಪೆನ್ಸಿಲ್ ಮತ್ತೆ ಗುತ್ತಿಗೆದಾರನ ಕೈಗೆ ಹೋದದ್ದು ದೊಡ್ಡ ನಷ್ಟ.

ಆದರೆ ಈ ಯೋಜನೆಗಳೆಲ್ಲ ಇಷ್ಟು ವರ್ಷ ಅಳೆದದ್ದು ಉಳಿದ ಮಣ್ಣು, ಹೆಚ್ಚಿದ ಇಳುವರಿ, ಮೇಲೆ ಬಂದ ಅಂತರ್ಜಲ. ನೀರು ಎಷ್ಟು ಶುದ್ಧ ಎಂಬುದು ಮುಖ್ಯ ಅಳತೆಯಾಗಲೇ ಇಲ್ಲ. ಮುಂಗಾರಿನ ಮೊದಲ ಹೊಸ ನೀರನ್ನು ಒಂದು ತಂಬಿಗೆ ತುಂಬಿ ರಾತ್ರಿಯಿಡೀ ಇಡಿ: ಕೆಂಪು ರಾಡಿ ತಳ ಸೇರಿ ಮೇಲೆ ತಿಳಿ ನಿಲ್ಲುತ್ತದೆ. ಕಬ್ಬಿನ ಗದ್ದೆಯ ಯೂರಿಯಾದಿಂದ ನೈಟ್ರೇಟ್ ಬಂದಿದ್ದರೆ ಅದು ಆ ತಿಳಿಯಲ್ಲೇ ಇರುತ್ತದೆ. ಸೋಸಿದರೆ ಹೋಗದು, ಕುದಿಸಿದರೆ ಇನ್ನಷ್ಟು ಸಾಂದ್ರವಾಗುತ್ತದೆ. ಲೀಟರಿಗೆ 45 ಮಿ.ಗ್ರಾಂ. ಮೀರಿದರೆ ಎಳೆಗೂಸುಗಳಿಗೆ ಅಪಾಯ. ಇದನ್ನು ತಡೆಯುವ ಜಾಗ ಹೊಲ ಮತ್ತು ಹೊಳೆದಂಡೆ.

ನ್ಯೂಯಾರ್ಕ್ ನಗರ 1997ರ ಒಪ್ಪಂದದಂತೆ ಕ್ಯಾಟ್ಸ್‌ಕಿಲ್ ಬೆಟ್ಟಗಳ ರೈತರಿಗೆ ನೆರವು ಕೊಟ್ಟು, ತನ್ನ ನೀರನ್ನು ಮೂಲದಲ್ಲೇ ಕಾಯುತ್ತಿದೆ. ನಮ್ಮಲ್ಲೂ ಹಿರಣ್ಯಕೇಶಿಯ ಉಗಮದಲ್ಲಿ ಒಂದು ಅಪರೂಪದ ಮೀನಿಗಾಗಿ ಮಹಾರಾಷ್ಟ್ರ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಮೀನಿಗೆ ಸಿಕ್ಕ ಆ ಕಾಳಜಿ ಕೆಳಗಿನ ಜನಕ್ಕೂ ಸಿಗಬೇಕು.

ಬೆಳಗಾವಿ, ಕೊಲ್ಹಾಪುರ ಜಿಲ್ಲಾಡಳಿತಗಳು ಒಟ್ಟಿಗೆ ಕೂತು ಈ ಹೊಳೆಗೆ ಒಂದೇ ಜಲಾನಯನ ನಕ್ಷೆ ಮಾಡಲಿ. ಮಳೆಗಾಲದ ಮೊದಲು, ನಂತರ ನೀರು ಪರೀಕ್ಷಿಸಿ ಫಲಿತಾಂಶವನ್ನು ಊರ ಚಾವಡಿಯಲ್ಲಿ ಹಚ್ಚಲಿ. ದಂಡೆಯ ರೈತಬಾಂಧವರು ಹೊಳೆಯ ಅಂಚಿನ ತನಕ ಕಬ್ಬು ಹಚ್ಚದೆ, ಒಂದು ಪಟ್ಟಿ ನೆಲವನ್ನು ಹುಲ್ಲಿಗೂ ಗಿಡಕ್ಕೂ ಬಿಡಬೇಕೆಂದು ಕೇಳಿಕೊಳ್ಳುತ್ತೇನೆ.