ಎಚ್‌ಐವಿ ಸೋಂಕಿನ ಆರಂಭಿಕ ಲಕ್ಷಣಗಳು

ಎಚ್‌ಐವಿ ದೇಹವನ್ನು ಹೊಕ್ಕ ಮೊದಲ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳಬಹುದಾದ ಜ್ವರ, ಗಂಟಲುನೋವು, ಮೈಮೇಲೆ ಏಳುವ ಗಂದೆ, ಗ್ರಂಥಿಗಳ ಊತ ಮೊದಲಾದವು. ವೈದ್ಯರು ಈ ಘಟ್ಟವನ್ನು ತೀವ್ರ ಎಚ್‌ಐವಿ ಸೋಂಕು ಎಂದು ಕರೆಯುತ್ತಾರೆ. ಸೋಂಕು ತಗುಲಿದ 2ರಿಂದ 4 ವಾರಗಳಲ್ಲಿ ಇವು ಸಾಮಾನ್ಯವಾಗಿ ಶುರುವಾಗುತ್ತವೆ, ಕೆಲವು ದಿನ ಅಥವಾ ಒಂದೆರಡು ವಾರ ಇದ್ದು ಔಷಧಿಯಿಲ್ಲದೆಯೂ ಇಳಿದುಹೋಗುತ್ತವೆ. ಇವುಗಳಲ್ಲಿ ಒಂದೂ ಎಚ್‌ಐವಿಗೆ ಮಾತ್ರ ಸೇರಿದ್ದಲ್ಲ. ಸೋಂಕಿತರೆಲ್ಲರಲ್ಲೂ ಇವು ಕಾಣಿಸುವುದೂ ಇಲ್ಲ. ಹಾಗಾಗಿ ಲಕ್ಷಣ ನೋಡಿ ಎಚ್‌ಐವಿ ಇದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಲು ಬರುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಬೇಕೆಂಬ ಸೂಚನೆಯಷ್ಟನ್ನೇ ಅವು ಕೊಡಬಲ್ಲವು.

ಎಚ್‌ಐವಿ ಸೋಂಕು ಕೊನೆಗೆ ತಲುಪುವ ಏಡ್ಸ್‌ನ ಮೊದಲ ವರದಿ 1981ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಿಂದ ಬಂತು. ಅಪರೂಪದ ನ್ಯುಮೋನಿಯಾಕ್ಕೆ ತುತ್ತಾದ ಐವರು ಯುವಕರ ಆ ವರದಿಯಲ್ಲಿ ಇದ್ದದ್ದು ರೋಗದ ಕೊನೆಯ ಘಟ್ಟ. ಪ್ಯಾರಿಸ್‌ನ ಪ್ಯಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲುಕ್ ಮಾಂಟನ್ಯೇ ಮತ್ತು ಸಂಗಡಿಗರು 1983ರಲ್ಲಿ ವೈರಸ್ಸನ್ನು ಬೇರ್ಪಡಿಸಿದ ಮೇಲೆ ರಕ್ತ ಪರೀಕ್ಷೆ ಸಾಧ್ಯವಾಯಿತು. ಸೋಂಕು ಯಾವಾಗ ತಗುಲಿತೆಂದು ಗುರುತಿಸಿ, ಆ ದಿನಗಳಲ್ಲಿ ರೋಗಿಗೆ ಏನಾಗಿತ್ತು ಎಂದು ಕೇಳುವುದಕ್ಕೆ ಆಗ ದಾರಿಯಾಯಿತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡೇವಿಡ್ ಕೂಪರ್ ಮತ್ತು ಅವರ ತಂಡದವರು 1985ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಲೇಖನ ಈ ವಿಷಯದಲ್ಲಿ ಬುನಾದಿ ಹಾಕಿತು. ರಕ್ತದಲ್ಲಿ ಪ್ರತಿಕಾಯಗಳು ಮೂಡುವ ಹೊತ್ತಿನಲ್ಲಿ ಹಲವರಿಗೆ ಇದ್ದಕ್ಕಿದ್ದಂತೆ ಜ್ವರ ಬಂದು, 3ರಿಂದ 14 ದಿನ ಕಾಡಿ ಹೋಗಿತ್ತೆಂದು ಅವರು ದಾಖಲಿಸಿದರು. ಅವರು ಪಟ್ಟಿ ಮಾಡಿದ ಬೆವರು, ಮೈಕೈ ನೋವು, ತಲೆನೋವು, ಗಂಟಲುನೋವು, ಭೇದಿ, ಗ್ರಂಥಿಗಳ ಊತ, ಎದೆ ಬೆನ್ನಿನ ಮೇಲಿನ ಕೆಂಪು ಗಂದೆ ಇವತ್ತಿಗೂ ಪಠ್ಯಪುಸ್ತಕಗಳಲ್ಲಿ ಇವೆ.

ದೇಹದೊಳಗೆ ನಡೆಯುವುದು : ಎಚ್‌ಐವಿ ಮುಖ್ಯವಾಗಿ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ಹಿಡಿಯುತ್ತದೆ. ಮೊದಲ ಹತ್ತು ದಿನ ಅದು ಹೊಕ್ಕ ಜಾಗದಲ್ಲಿ ಮತ್ತು ಹತ್ತಿರದ ದುಗ್ಧಗ್ರಂಥಿಗಳಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ಆಗ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಆಮೇಲೆ ರಕ್ತಕ್ಕೆ ನುಗ್ಗಿ ಒಂದೆರಡು ವಾರಗಳಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿ ಲಕ್ಷಗಟ್ಟಲೆ, ಹಲವರಲ್ಲಿ ಹತ್ತಾರು ಲಕ್ಷ ಪ್ರತಿಗಳ ಮಟ್ಟಕ್ಕೆ ಏರುತ್ತದೆ. ಕರುಳಿನ ಒಳಪದರದಲ್ಲಿ ದಟ್ಟವಾಗಿರುವ ಸಿಡಿ4 ಕಣಗಳು ಈ ವಾರಗಳಲ್ಲೇ ಹೆಚ್ಚಿನ ಪಾಲು ನಾಶವಾಗುತ್ತವೆ. ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತು ತಿರುಗಿಬಿದ್ದಾಗ ಹೊಮ್ಮುವ ಉರಿಯೂತವೇ ರೋಗಿಗೆ ಜ್ವರವಾಗಿ, ಸುಸ್ತಾಗಿ ಅನುಭವಕ್ಕೆ ಬರುತ್ತದೆ. ಅಷ್ಟರಲ್ಲಿ ವೈರಸ್ಸಿನ ಪ್ರಮಾಣ ಸ್ವಲ್ಪ ಇಳಿದು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಜ್ವರವೂ ಬಿಡುತ್ತದೆ. ಜ್ವರ ಬಿಟ್ಟದ್ದನ್ನು ಗುಣವಾದದ್ದೆಂದು ತಿಳಿಯುವುದು ಎಷ್ಟು ಸಹಜವೋ ಅಷ್ಟೇ ಅಪಾಯಕಾರಿ, ಏಕೆಂದರೆ ವೈರಸ್ಸು ಹೋಗಿರುವುದಿಲ್ಲ, ಮತ್ತು ಈ ವಾರಗಳಲ್ಲೇ ಒಬ್ಬರಿಂದ ಇನ್ನೊಬ್ಬರಿಗೆ ಅದು ದಾಟುವ ಸಾಧ್ಯತೆ ಅತಿ ಹೆಚ್ಚು.

ಲಕ್ಷಣಗಳು : ಹೆಚ್ಚಾಗಿ ಕಾಣುವುದು ಜ್ವರ, ಅದರ ಜೊತೆಗೆ ಎದ್ದು ಓಡಾಡಲಾಗದಂಥ ಸುಸ್ತು. ರಾತ್ರಿ ಬೆವರಿ ಹಾಸಿಗೆ ತೋಯುವುದುಂಟು. ಗಂಟಲು ಕೆಂಪಾಗಿ ನೋಯುತ್ತದೆ. ಆದರೆ ನೆಗಡಿ, ಮೂಗು ಕಟ್ಟುವುದು, ಕಫದ ಕೆಮ್ಮು ಅಷ್ಟಾಗಿ ಇರುವುದಿಲ್ಲ. ಸಾಮಾನ್ಯ ಶೀತಜ್ವರಕ್ಕೂ ಇದಕ್ಕೂ ಇರುವ ಒಂದು ಸಣ್ಣ ವ್ಯತ್ಯಾಸ ಇದು. ಗಂದೆ ಜ್ವರ ಬಂದ ಎರಡು ಮೂರು ದಿನಕ್ಕೆ ಏಳುತ್ತದೆ. ಎದೆಯ ಮೇಲ್ಭಾಗ, ಕುತ್ತಿಗೆ, ಮುಖದಲ್ಲಿ ಅರ್ಧದಿಂದ ಒಂದು ಸೆಂಟಿಮೀಟರ್ ಅಗಲದ, ಚಪ್ಪಟೆಯಾದ ಅಥವಾ ತುಸು ಉಬ್ಬಿದ ಮಚ್ಚೆಗಳು. ಸಾಮಾನ್ಯವಾಗಿ ತುರಿಕೆ ಇರುವುದಿಲ್ಲ. ಬಿಳಿ ಚರ್ಮದವರ ಚಿತ್ರಗಳಲ್ಲಿ ಅವು ಗುಲಾಬಿ ಬಣ್ಣದಲ್ಲಿ ಎದ್ದು ಕಾಣುತ್ತವೆ. ನಮ್ಮ ಕಂದು, ಕಪ್ಪು ಮೈಬಣ್ಣದ ಮೇಲೆ ಮಾಸಿದ ಕಂದಾಗಿ, ಕೆಲವೊಮ್ಮೆ ನೇರಳೆಯಾಗಿ ಕಾಣುವುದರಿಂದ ಹಗಲು ಬೆಳಕಿನಲ್ಲಿ ಅಂಗಿ ಬಿಚ್ಚಿಸಿ ನೋಡದಿದ್ದರೆ ತಪ್ಪಿಹೋಗುತ್ತವೆ. ಬಾಯಿಯಲ್ಲಿ, ಜನನಾಂಗ ಅಥವಾ ಗುದದ ಬಳಿ ಅಂಚು ಸ್ಪಷ್ಟವಾಗಿರುವ, ಆಳವಿಲ್ಲದ, ನೋಯುವ ಹುಣ್ಣುಗಳಾಗಬಹುದು. ಇದು ಎಲ್ಲರಲ್ಲೂ ಆಗದಿದ್ದರೂ, ಜ್ವರ ಮತ್ತು ಗಂದೆಯೊಂದಿಗೆ ಸೇರಿ ಬಂದಾಗ ವೈದ್ಯರು ಎಚ್‌ಐವಿಯನ್ನು ನೆನೆಯಲೇಬೇಕು. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ನೋವಿಲ್ಲದ ಗಂಟುಗಳು ಎರಡನೆಯ ವಾರದ ಹೊತ್ತಿಗೆ ಕೈಗೆ ಸಿಗುತ್ತವೆ. ಉಳಿದೆಲ್ಲ ಇಳಿದ ಮೇಲೂ ಇವು ಚಿಕ್ಕದಾಗಿ ಉಳಿಯುವುದುಂಟು. ವಾಕರಿಕೆ, ಭೇದಿ, ಊಟ ಸೇರದೆ ತೂಕ ಇಳಿಯುವುದು, ಕಣ್ಣು ಹೊರಳಿಸಿದರೆ ಹೆಚ್ಚುವ ತಲೆನೋವು ಇವೂ ಇರಬಹುದು.

ಈ ಚಿತ್ರ ಇಷ್ಟು ತುಂಬಿಕೊಂಡು ಬರುವುದು ಅಪರೂಪ. ಪೂರ್ವ ಆಫ್ರಿಕಾ ಮತ್ತು ಥಾಯ್ಲೆಂಡ್‌ನಲ್ಲಿ ಸೋಂಕಿನ ಸಂಭವ ಹೆಚ್ಚಿದ್ದವರ ರಕ್ತವನ್ನು ವಾರಕ್ಕೆ ಎರಡು ಸಲ ಪರೀಕ್ಷಿಸುತ್ತ ಹೋದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೋಂಕಿನ ಮೊದಲ ದಿನಗಳನ್ನು ಬಲು ಹತ್ತಿರದಿಂದ ಕಂಡಿತು. ವೈರಸ್ಸಿನ ಪ್ರಮಾಣ ರಕ್ತದಲ್ಲಿ ಮೊದಲು ಸಿಕ್ಕ ಸುಮಾರು 13 ದಿನಕ್ಕೆ ತುತ್ತತುದಿ ಮುಟ್ಟಿ, ಒಂದು ತಿಂಗಳ ಹೊತ್ತಿಗೆ ಇಳಿದು ನಿಂತಿತು. ಲಕ್ಷಣಗಳು ಇದ್ದವಾದರೂ ಅಲ್ಪಕಾಲದವು, ಸೌಮ್ಯವಾದವು. ಆಸ್ಪತ್ರೆಗೆ ತಾವಾಗಿ ಬಂದ ರೋಗಿಗಳನ್ನು ಮಾತ್ರ ನೋಡಿ ಬರೆದ ಹಳೆಯ ವಿವರಣೆಗಳು ರೋಗವನ್ನು ಇರುವುದಕ್ಕಿಂತ ಜೋರಾಗಿ ತೋರಿಸಿವೆ ಎಂಬುದು ಇದರಿಂದ ಸ್ಪಷ್ಟ.

ಬೇರೆ ಜ್ವರಗಳೊಂದಿಗೆ ಗೊಂದಲ : ಕರ್ನಾಟಕದಲ್ಲಿ ಮಳೆಗಾಲದ ಜ್ವರವೆಂದರೆ ಡೆಂಗಿ, ಚಿಕೂನ್‌ಗುನ್ಯ, ಟೈಫಾಯ್ಡ್, ಇಲಿಜ್ವರ. ಡೆಂಗಿಯಲ್ಲೂ ಜ್ವರ, ಮೈಕೈ ನೋವು, ಗಂದೆ. ಬಿಳಿ ರಕ್ತಕಣ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ. ತೀವ್ರ ಎಚ್‌ಐವಿ ಸೋಂಕಿನಲ್ಲೂ ರಕ್ತದ ವರದಿ ಹೀಗೆಯೇ ಬರಬಹುದು. ಡೆಂಗಿ ಪರೀಕ್ಷೆ ನೆಗೆಟಿವ್ ಎಂದಾದಾಗ ‘ವೈರಲ್ ಫೀವರ್’ ಎಂದು ಚೀಟಿಯಲ್ಲಿ ಬರೆದು ಪ್ಯಾರಾಸಿಟಮಾಲ್ ಕೊಟ್ಟು ಕಳಿಸುವುದು ಎಲ್ಲೆಡೆ ನಡೆಯುವ ಮಾತು. ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದರೆ ಗಂದೆಯನ್ನು ಔಷಧಿಯ ಅಲರ್ಜಿಯೆಂದು ಬಗೆಯುತ್ತಾರೆ. ಸಿಫಿಲಿಸ್‌ನ ಎರಡನೆಯ ಘಟ್ಟವೂ ಇದನ್ನೇ ಹೋಲುತ್ತದೆ, ಮತ್ತು ಅದು ಎಚ್‌ಐವಿಯ ಜೊತೆಗೇ ಬಂದಿರಬಹುದು. ಇಲ್ಲಿ ನೆರವಾಗುವುದು ವೈದ್ಯರು ಕೇಳುವ ಒಂದು ಪ್ರಶ್ನೆ: ಕಳೆದ ಒಂದೂವರೆ ಎರಡು ತಿಂಗಳಲ್ಲಿ ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಹಂಚಿಕೊಂಡ ಸಿರಿಂಜು, ಸೂಜಿ ಚುಚ್ಚಿದ ಗಾಯ ಏನಾದರೂ ಆಗಿದೆಯೇ? ಗಂಡ, ಹೆಂಡತಿ, ಅತ್ತೆ ಮಾವ ಪಕ್ಕದಲ್ಲಿ ನಿಂತಿರುವಾಗ ಇದಕ್ಕೆ ಉತ್ತರ ಬರುವುದಿಲ್ಲ. ಜೊತೆಗೆ ಬಂದವರನ್ನು ಎರಡು ನಿಮಿಷ ಹೊರಗೆ ಕೂರಿಸುವುದು ಈ ರೋಗದ ಪತ್ತೆಯಲ್ಲಿ ಯಾವ ಯಂತ್ರಕ್ಕೂ ಕಡಿಮೆಯಿಲ್ಲದ ಸಾಧನ.

ಪರೀಕ್ಷೆ : ಜ್ವರ ಇರುವ ದಿನ ಮಾಡಿಸಿದ ಪರೀಕ್ಷೆಯೇ ತಪ್ಪು ನೆಮ್ಮದಿ ಕೊಡಬಹುದು. ಬೆರಳಿನ ರಕ್ತದಿಂದ ಮಾಡುವ ತ್ವರಿತ ಪರೀಕ್ಷೆಗಳು ಬಹುಮಟ್ಟಿಗೆ ಪ್ರತಿಕಾಯಗಳನ್ನು ಹುಡುಕುತ್ತವೆ. ಪ್ರತಿಕಾಯ ಮೂಡಲು ಮೂರು ವಾರದಿಂದ ಮೂರು ತಿಂಗಳು ಬೇಕು. ಪ್ರತಿಕಾಯದ ಜೊತೆಗೆ ವೈರಸ್ಸಿನ ಪಿ24 ಪ್ರೋಟೀನನ್ನೂ ಹಿಡಿಯುವ ನಾಲ್ಕನೆಯ ತಲೆಮಾರಿನ ಪರೀಕ್ಷೆ ರಕ್ತನಾಳದ ರಕ್ತದಲ್ಲಿ ಸುಮಾರು 18ರಿಂದ 45 ದಿನಗಳಲ್ಲಿ ಸೋಂಕನ್ನು ಹೇಳುತ್ತದೆ. ವೈರಸ್ಸಿನ ಆರ್‌ಎನ್‌ಎಯನ್ನೇ ಅಳೆಯುವ ಪರೀಕ್ಷೆಗೆ 10ರಿಂದ 33 ದಿನ. ಸೋಂಕು ತಗುಲಿದ್ದಕ್ಕೂ ಪರೀಕ್ಷೆಯಲ್ಲಿ ಅದು ಸಿಗುವುದಕ್ಕೂ ನಡುವಿನ ಅವಧಿಯನ್ನು ಕಿಟಕಿ ಅವಧಿ ಎನ್ನುತ್ತಾರೆ. ಸಂಶಯವಿದ್ದಾಗ ಮೊದಲ ವರದಿ ನೆಗೆಟಿವ್ ಬಂದರೂ ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಅಲ್ಲಿಯವರೆಗೆ ಕಾಂಡೋಮ್ ಬಳಸಬೇಕು, ರಕ್ತದಾನ ಮಾಡಬಾರದು.

ಲಕ್ಷಣಗಳಿಗಾಗಿ ಕಾಯಲೇಬಾರದ ಸಂದರ್ಭವೂ ಇದೆ. ಕಾಂಡೋಮ್ ಹರಿದಿದ್ದರೆ, ಲೈಂಗಿಕ ದೌರ್ಜನ್ಯ ನಡೆದಿದ್ದರೆ, ಆಸ್ಪತ್ರೆ ಸಿಬ್ಬಂದಿಗೆ ಸೂಜಿ ಚುಚ್ಚಿದ್ದರೆ 72 ಗಂಟೆಯೊಳಗೆ ಔಷಧಿ ಶುರುಮಾಡಿ 28 ದಿನ ನುಂಗಿದರೆ ಸೋಂಕನ್ನು ತಡೆಯಬಹುದು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ವರ್ಷಗಳ ಅನಂತರದ ಸೂಚನೆಗಳು : ಮೊದಲ ಜ್ವರ ಇಳಿದ ಮೇಲೆ ಚಿಕಿತ್ಸೆ ಪಡೆಯದ ವಯಸ್ಕರಲ್ಲಿ ಎಂಟು ಹತ್ತು ವರ್ಷ ಏನೂ ಕಾಣದಿರಬಹುದು. ಜನರು ‘ಆರಂಭಿಕ ಲಕ್ಷಣ’ ಎಂದು ಹೇಳುವ ಎಷ್ಟೋ ಚಿಹ್ನೆಗಳು ನಿಜವಾಗಿ ಈ ಮೌನ ಮುಗಿಯುವ ಹೊತ್ತಿನವು: ಸಣ್ಣ ವಯಸ್ಸಿನಲ್ಲೇ ಬರುವ ಸರ್ಪಸುತ್ತು, ನಾಲಿಗೆ ಅಂಗುಳಿನ ಮೇಲೆ ಕೂಡುವ ಮೊಸರಿನಂಥ ಬಿಳಿ ಬೂಷ್ಟು, ತಿಂಗಳು ಮೀರಿದ ಭೇದಿ ಅಥವಾ ಜ್ವರ, ಕೈಕಾಲಿನಲ್ಲಿ ಬಿಡದ ತುರಿಕೆ ಗುಳ್ಳೆ, ಕಾರಣವಿಲ್ಲದೆ ತೂಕ ಇಳಿಯುವುದು. ಭಾರತದಲ್ಲಿ ಇವೆಲ್ಲಕ್ಕಿಂತ ಮುಖ್ಯವಾದುದು ಕ್ಷಯ. ಅದಕ್ಕಾಗಿಯೇ ಕ್ಷಯ ಪತ್ತೆಯಾದ ಪ್ರತಿಯೊಬ್ಬರಿಗೂ ಎಚ್‌ಐವಿ ಪರೀಕ್ಷೆ ಮಾಡಲಾಗುತ್ತದೆ.

ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಗರ್ಭ ನಿಂತ ಹೊಸತರಲ್ಲಿ ಮಾಡಿದ ಪರೀಕ್ಷೆ ನೆಗೆಟಿವ್ ಆಗಿದ್ದು, ಆಮೇಲೆ ಗಂಡನಿಂದ ಸೋಂಕು ತಗುಲಿದರೆ, ವೈರಸ್ಸಿನ ಪ್ರಮಾಣ ಉಕ್ಕುವ ಆ ವಾರಗಳಲ್ಲೇ ಅದು ಮಗುವಿಗೆ ದಾಟಬಹುದು. ಬಾಣಂತಿಯ ಜ್ವರಕ್ಕೆ ನೂರು ಕಾರಣ ಹುಡುಕುವ ಮನೆಯವರೂ ದಾದಿಯರೂ ಇದನ್ನು ಯೋಚಿಸುವುದೇ ಕಡಿಮೆ.

ಇದಕ್ಕೆ ತದ್ವಿರುದ್ಧವಾದ ಸಂಕಟವೂ ನಿಜ. ಒಂದು ಸಂಪರ್ಕದ ನಂತರ ಭಯಬಿದ್ದು ದಿನವೂ ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುವ, ಕುತ್ತಿಗೆ ಒತ್ತಿ ಒತ್ತಿ ಗಂಟು ಹುಡುಕುವ, ಹತ್ತು ನೆಗೆಟಿವ್ ವರದಿ ಬಂದರೂ ನಂಬದ ಯುವಕರು ಎಲ್ಲ ಊರುಗಳಲ್ಲೂ ಇದ್ದಾರೆ. ಆತಂಕವೇ ನಿದ್ದೆಗೆಡಿಸಿ, ಹೊಟ್ಟೆ ಕೆಡಿಸಿ, ತೂಕ ಇಳಿಸಬಲ್ಲದು. ಕಿಟಕಿ ಅವಧಿ ದಾಟಿದ ಮೇಲಿನ ನೆಗೆಟಿವ್ ವರದಿ, ಆಮೇಲೆ ಹೊಸ ಸಂಪರ್ಕ ಆಗಿರದಿದ್ದರೆ, ಖಚಿತ. ಅಂಥವರಿಗೆ ಬೇಕಾದದ್ದು ಹನ್ನೊಂದನೆಯ ಪರೀಕ್ಷೆಗಿಂತ ಆಪ್ತಸಮಾಲೋಚಕರ ಸಹನೆಯ ಮಾತು.

ಭಾರತದಲ್ಲಿ : ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದೇ ರೋಗಲಕ್ಷಣಗಳ ಬೆನ್ನು ಹತ್ತಿ ಅಲ್ಲ. ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಎಸ್. ನಿರ್ಮಲಾ 1986ರಲ್ಲಿ ಲೈಂಗಿಕ ಕಾರ್ಯಕರ್ತೆಯರಿಂದ ರಕ್ತ ಸಂಗ್ರಹಿಸಿ, ವೆಲ್ಲೂರಿನಲ್ಲಿ ಪರೀಕ್ಷಿಸಿದಾಗ ಸೋಂಕು ಬೆಳಕಿಗೆ ಬಂತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ 1992ರಲ್ಲಿ ಆರಂಭವಾಯಿತು. 2004ರ ಏಪ್ರಿಲ್‌ನಿಂದ ಸರ್ಕಾರ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡತೊಡಗಿತು. ಆಗ ಸಿಡಿ4 ಎಣಿಕೆ ಕುಸಿದವರಿಗೆ ಮಾತ್ರ ಚಿಕಿತ್ಸೆ ಸಿಗುತ್ತಿತ್ತು. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ ಸಿಗುತ್ತಿದೆ. ಬೇಗ ಪತ್ತೆಯಾಗುವುದರ ಲಾಭ ಹೆಚ್ಚಿದ್ದು ಈ ಬದಲಾವಣೆಯಿಂದಲೇ. ಔಷಧಿಯನ್ನು ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ಸು ಸಿಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ.

ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿ (ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಆಪ್ತಸಮಾಲೋಚನೆಯೊಂದಿಗೆ ಪರೀಕ್ಷೆ ಉಚಿತ. ಮೊದಲ ಕಿಟ್‌ನಲ್ಲಿ ಪಾಸಿಟಿವ್ ಬಂದರೆ ಬೇರೆ ಬೇರೆ ಬಗೆಯ ಇನ್ನೆರಡು ಕಿಟ್‌ಗಳಲ್ಲಿ ನೋಡಿದ ಮೇಲಷ್ಟೇ ಸೋಂಕು ಇದೆಯೆಂದು ಹೇಳುತ್ತಾರೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ, ಸೋಂಕಿನ ಕಾರಣಕ್ಕೆ ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಹೊರಹಾಕುವಂತಿಲ್ಲ. 1097 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆಮಾಡಿ ಹತ್ತಿರದ ಕೇಂದ್ರದ ವಿವರ ಪಡೆಯಬಹುದು.