ಹೈದರಾಬಾದಿನ ಸೈಕಲ್ ಎಲ್ಲಿಗೆ ಹೋಯ್ತು?

ಕೋಕಾಪೇಟ್, ನಾರ್ಸಿಂಗಿ, ಗಚ್ಚಿಬೌಲಿ ಕಡೆಯ ಗೆಳೆಯರು ಬಹಳ ದಿನದಿಂದ ಕೇಳ್ತಾ ಇದ್ದರು, ಔಟರ್ ರಿಂಗ್ ರೋಡ್ ಪಕ್ಕದ ಸೋಲಾರ್ ಸೈಕಲ್ ಟ್ರ್ಯಾಕ್ ಬಗ್ಗೆ ಮಾತಾಡಿ ಅಂತ. ಮಾತಾಡ್ತೀನಿ. ಆದರೆ ಅಲ್ಲಿಗೆ ಹೋಗೋ ಮುಂಚೆ ನಿಮ್ಮನ್ನ ವಾಡಿ, ಶಾಹಾಬಾದ್, ಕಾಚಿಗುಡ ಅಂತ ಸ್ವಲ್ಪ ಸುತ್ತಾಡಿಸ್ತೀನಿ. ಯಾಕಂದ್ರೆ ಟ್ರ್ಯಾಕ್ ಚೆನ್ನಾಗಿದೆಯೋ ಇಲ್ಲವೋ ಅನ್ನೋದಕ್ಕಿಂತ ನನ್ನನ್ನ ಹೆಚ್ಚು ಕಾಡಿದ್ದು ಬೇರೆ ಪ್ರಶ್ನೆ. ಜನ ಕೆಲಸಕ್ಕೆ ಹೋಗೋಕೆ ತುಳೀತಿದ್ದ ಸೈಕಲ್ಲು ಈ ಊರಲ್ಲಿ ಭಾನುವಾರ ಬೆಳಿಗ್ಗೆಯ ಸೈಕಲ್ ಆಗಿದ್ದು ಹೇಗೆ?

ಮೊದಲು ರೈಲು, ಅದನ್ನ ಬೇಗ ಮುಗಿಸೋಣ. 1874ರಲ್ಲಿ ಸಿಕಂದರಾಬಾದಿನಿಂದ ನಮ್ಮ ಕಲಬುರಗಿ ಜಿಲ್ಲೆಯ ವಾಡಿಗೆ ರೈಲು ಶುರುವಾಯ್ತು. ಮುಂಬಯಿ–ಮದ್ರಾಸ್ ಲೈನಿಗೆ ಹೈದರಾಬಾದನ್ನ ಜೋಡಿಸಿದ್ದು ಅದೇ. ಇವತ್ತು ಬೆಂಗಳೂರಿಗೆ ಹೋಗೋಕೆ ನಾವೆಲ್ಲ ಹತ್ತೋ ಕಾಚಿಗುಡ ಸ್ಟೇಷನ್ ಕಟ್ಟಿದ್ದು 1916ರಲ್ಲಿ. ಆಮೇಲೆ 1932ರಲ್ಲಿ ನಿಜಾಮರ ರೈಲ್ವೆ ಇಲಾಖೆಯೇ ಬಸ್ ಓಡಿಸೋಕೆ ಶುರು ಮಾಡ್ತು. 27 ಬಸ್ಸು, 166 ಜನ ಸಿಬ್ಬಂದಿ. ಖಾಸಗಿಯವರ ಕೈಲಿದ್ದ ಬಸ್ಸುಗಳನ್ನ ಸರ್ಕಾರವೇ ನಡೆಸಬಹುದು ಅಂತ ಇಡೀ ದೇಶಕ್ಕೆ ಬಹಳ ಮುಂಚೆ ತೋರಿಸಿದವರಲ್ಲಿ ಇವರೂ ಒಬ್ಬರು. 1956ರಲ್ಲಿ ಬೀದರ್, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದಾಗ ಆ ಕಡೆಯ ಸರ್ಕಾರಿ ಬಸ್ಸುಗಳೂ ಮೈಸೂರಿಗೆ ಬಂದವು. ಇವತ್ತಿನ ಕಲ್ಯಾಣ ಕರ್ನಾಟಕ ಸಾರಿಗೆಯ ಬೇರು ಒಂದು ರೀತೀಲಿ ನಿಜಾಮರ ಬಸ್ಸಿನಲ್ಲೇ ಇದೆ. ಹೈದರಾಬಾದಿನ ಆರ್‌ಟಿಸಿ ಬಸ್ಸುಗಳ ನಂಬರ್ ಪ್ಲೇಟಿನಲ್ಲಿ 'ಝಡ್' ಅಕ್ಷರ ಇರುತ್ತೆ, ಗಮನಿಸಿದ್ದೀರಾ? ಅದು ಕೊನೆಯ ನಿಜಾಮರ ತಾಯಿ ಝಹ್ರಾ ಬೇಗಂ ಹೆಸರಿಂದ ಬಂತು ಅಂತ ಊರಿನವರು ಹೇಳ್ತಾರೆ.

ರಸ್ತೆ ಕಥೆ ಇನ್ನೂ ಸ್ವಾರಸ್ಯ. 1908ರ ಸೆಪ್ಟೆಂಬರ್ 28ಕ್ಕೆ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು, ಊರಿನ ನಡುಭಾಗವೇ ಕೊಚ್ಚಿ ಹೋಯ್ತು. ಆಗ ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನ. 1909ರಲ್ಲಿ ಬಂದು ಪ್ರವಾಹ ತಡೆಯೋ ಜಲಾಶಯಗಳ ಯೋಜನೆ, ಊರಿನ ಒಳಚರಂಡಿ ಯೋಜನೆ ಮಾಡಿಕೊಟ್ಟರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. 1912ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಬೋರ್ಡ್ ಬಂತು. ಇಕ್ಕಟ್ಟಿನ ಗಲ್ಲಿಗಳನ್ನ ಒಡೆದು ಅಗಲ ರಸ್ತೆ ಮಾಡಿದ್ದು, ಚಾರ್ಮಿನಾರಿಗೆ ಹೋಗೋ ದಾರಿಯ ಪತ್ತರ್‌ಗಟ್ಟಿಯ ಕಲ್ಲಿನ ಕಮಾನು ಸಾಲನ್ನ ಕಟ್ಟಿಸಿದ್ದು ಇದೇ ಬೋರ್ಡು. ಒಂದ್ಸಲ ಆ ಕಮಾನುಗಳ ಕೆಳಗೆ ನಿಂತು ನೋಡಿ. ಅಂಗಡಿ ಮುಂದೆ ಮಳೆ ಬಿಸಿಲು ತಾಗದ ಹಾಗೆ ಜನ ನಡ್ಕೊಂಡು ಹೋಗಲಿ ಅಂತಲೇ ಮಾಡಿದ ಜಾಗ ಅದು. ನೂರು ವರ್ಷದ ಹಿಂದೆ ಪಾದಚಾರಿಗೆ ನೆರಳು ಬೇಕು ಅನ್ನೋದು ಈ ಊರಿಗೆ ಗೊತ್ತಿತ್ತು. ಈಗ ಅಲ್ಲಿ ಸರಕು ತುಂಬಿದೆ, ಅದು ಬೇರೆ ಮಾತು.

ಮುಂದೆ 1930ರ ದಶಕದಲ್ಲಿ ಮುಖ್ಯ ರಸ್ತೆಗಳಿಗೆ ಸಿಮೆಂಟ್ ಕಾಂಕ್ರೀಟು ಬಂತು. ಆ ಕಾಲಕ್ಕೆ ನಿಜಾಮರ ರಾಜ್ಯದ ದೊಡ್ಡ ಸಿಮೆಂಟ್ ಕಾರ್ಖಾನೆ ಇದ್ದದ್ದು ಎಲ್ಲಿ? ನಮ್ಮ ಶಾಹಾಬಾದಿನಲ್ಲಿ. 1936ರಲ್ಲಿ ಹತ್ತು ಕಂಪನಿ ಸೇರಿ ಎಸಿಸಿ ಆಯ್ತಲ್ಲ, ಆ ಹತ್ತರಲ್ಲಿ ಶಾಹಾಬಾದ್ ಸಿಮೆಂಟ್ ಕೂಡ ಒಂದು. ಹಳೇ ಹೈದರಾಬಾದಿನ ಮನೆಗಳ ನೆಲಕ್ಕೆ ಹಾಸಿರೋ ಪರಸಿ ಶಾಹಾಬಾದಿನದೇ ಅಂತ ನಿಮಗೆ ಗೊತ್ತಿರಬಹುದು. ಸೈಕಲ್ಲಿಗೆ ಬೇಕಾದ್ದು ಎರಡೇ: ಗುಂಡಿ ಇಲ್ಲದ ರಸ್ತೆ, ಹಿಂದೆ ಬಂದು ಗುದ್ದದ ವಾಹನ. ಆ ಹೈದರಾಬಾದಿನಲ್ಲಿ ಎರಡೂ ಇತ್ತು. ಮೋಟಾರು ಕಾರು ನವಾಬರದ್ದು. ನಿಜಾಮರು 1911ರ ಹೊತ್ತಿಗೆ ರೋಲ್ಸ್ ರಾಯ್ಸ್‌ನಿಂದ ಮಾಡಿಸಿಕೊಂಡ ಹಳದಿ ಬಣ್ಣದ ಸಿಂಹಾಸನ ಕಾರನ್ನ ಚೌಮಹಲ್ಲಾ ಅರಮನೆಯಲ್ಲಿ ನೀವೂ ನೋಡಿರ್ತೀರಿ. ಅದು ಮೆರವಣಿಗೆಗೆ ಬಿಟ್ಟರೆ ಓಡಿದ್ದು ತೀರಾ ಕಮ್ಮಿ. ಉಳಿದ ಊರು ನಡೀತಿತ್ತು, ಝಟಕಾ ಹತ್ತುತ್ತಿತ್ತು, ಸೈಕಲ್ ತುಳೀತಿತ್ತು. ಪರದೆ ಕಟ್ಟಿದ ಸೈಕಲ್ ರಿಕ್ಷಾದಲ್ಲಿ ಹೆಂಗಸರು ಪೇಟೆಗೆ ಹೋಗ್ತಿದ್ದರು.

ನಮ್ಮವರೂ ಆ ಗುಂಪಿನಲ್ಲಿದ್ದರು. ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದದ್ದು 1918ರಲ್ಲಿ. ಗುಲ್ಬರ್ಗ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಮಧ್ಯದ ಅಷ್ಟು ವರ್ಷ ಬೀದರ್, ರಾಯಚೂರು, ಗುಲ್ಬರ್ಗದ ಎಷ್ಟೋ ಹುಡುಗರಿಗೆ ದೊಡ್ಡ ಓದು ಅಂದ್ರೆ ಹೈದರಾಬಾದು. ಕಾಚಿಗುಡದ ಸುತ್ತಮುತ್ತ ಕನ್ನಡಿಗರು ನೆಲೆಸಿದ್ದರು. ಕನ್ನಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಎಲ್ಲ ಅಲ್ಲೇ. ಅಲ್ಲಿಂದ ಆರ್ಟ್ಸ್ ಕಾಲೇಜು ನಾಲ್ಕೈದು ಕಿಲೋಮೀಟರ್. ಆಬಿಡ್ಸ್, ಸುಲ್ತಾನ್ ಬಜಾರ್ ಅದಕ್ಕಿಂತ ಹತ್ತಿರ. ಆ ಪೇಟೆಯ ಹಿರಿಯರ ಜೊತೆ ಮಾತಾಡುವಾಗ ನಾನು ಗಮನಿಸಿದ್ದು ಏನಂದ್ರೆ, ಅವರು ದೂರವನ್ನ ಕಿಲೋಮೀಟರಿನಲ್ಲಿ ಹೇಳಲ್ಲ. "ಸೈಕಲ್ ಮ್ಯಾಲ ಒಂದು ಹತ್ತು ನಿಮಿಷ" ಅಂತಾರೆ.

ಸ್ವಾತಂತ್ರ್ಯದ ನಂತರ ಸೈಕಲ್ ಇನ್ನೂ ಅಗ್ಗ ಆಯ್ತು. ಟಿಐ ಸೈಕಲ್ಸ್ 1949, ಅಟ್ಲಾಸ್ 1951, ಹೀರೋ 1956, ಹೀಗೆ ದೇಶದಲ್ಲೇ ಸೈಕಲ್ ತಯಾರಿ ಜೋರಾಯ್ತು. 1960ರ ದಶಕದಲ್ಲಿ ರಾಮಚಂದ್ರಾಪುರದ ಬಿಎಚ್‌ಇಎಲ್, ಕುಶಾಯಿಗುಡದ ಇಸಿಐಎಲ್, ಎಚ್‌ಎಂಟಿಯ ಹೈದರಾಬಾದ್ ಘಟಕ ಬಂದವು. ಈ ಸಾರ್ವಜನಿಕ ಕಾರ್ಖಾನೆಗಳ ಪಕ್ಕದಲ್ಲೇ ಟೌನ್‌ಶಿಪ್ ಇತ್ತು ಅಥವಾ ಕಾರ್ಮಿಕರು ಹತ್ತಿರದಲ್ಲೇ ಮನೆ ಮಾಡಿದರು. ಸೈರನ್ ಆದ ತಕ್ಷಣ ಗೇಟಿನಿಂದ ಸೈಕಲ್ ಹೊಳೆ. ಬೆಂಗಳೂರಿನವರಿಗೆ ಎಚ್‌ಎಎಲ್, ಐಟಿಐ ಅಂದ್ರೆ ಇದೇ ಚಿತ್ರ ನೆನಪಾಗುತ್ತೆ. ಆಗ ಸೈಕಲ್ಲನ್ನ ಸರ್ಕಾರ 'ವಾಹನ' ಅಂತ ಗಂಭೀರವಾಗಿ ಲೆಕ್ಕಕ್ಕೆ ತಗೊಳ್ತಿತ್ತು. ನಮ್ಮ ಊರುಗಳಲ್ಲಿ ಮುನಿಸಿಪಾಲಿಟಿಗೆ ತೆರಿಗೆ ಕಟ್ಟಿ ಸೈಕಲ್ಲಿಗೆ ಬಿಲ್ಲೆ ಹಾಕಿಸಬೇಕಿತ್ತು. ರಾತ್ರಿ ಡೈನಮೋ ದೀಪ ಇಲ್ಲದಿದ್ದರೆ, ಡಬಲ್ ರೈಡ್ ಹೋದರೆ ಪೊಲೀಸರು ಹಿಡೀತಿದ್ದರು. ತೆರಿಗೆ, ದಂಡ ಎರಡೂ ಕಿರಿಕಿರಿಯೇ ಬಿಡಿ. ಆದ್ರೆ ದಂಡ ಹಾಕ್ತಾರೆ ಅಂದ್ರೆ ನೀವು ರಸ್ತೇಲಿ ಇದ್ದೀರಿ ಅಂತ ಒಪ್ಪಿಕೊಂಡ ಹಾಗೆ.

ಹಾಗಾದರೆ ಯಾವಾಗ ತಪ್ಪಿತು? ಸ್ಕೂಟರ್ ಬಂತು, ಆಟೋ ಬಂತು, ಸಂಬಳ ಏರಿತು ಅನ್ನೋ ಉತ್ತರ ಎಲ್ಲ ಊರಿಗೂ ಹೊಂದುತ್ತೆ. ಹೈದರಾಬಾದಿಗೆ ಇನ್ನೊಂದು ತಾರೀಖು ಇದೆ: 1998ರ ನವೆಂಬರ್ 22. ಅವತ್ತು ಪ್ರಧಾನಿ ವಾಜಪೇಯಿಯವರು ಸೈಬರ್ ಟವರ್ಸ್ ಉದ್ಘಾಟಿಸಿದರು. ಹಳೇ ಊರಿನಿಂದ ಹೈಟೆಕ್ ಸಿಟಿ ಹೆಚ್ಚುಕಮ್ಮಿ ಇಪ್ಪತ್ತು ಕಿಲೋಮೀಟರ್, ಸುತ್ತ ಬಂಡೆಗುಡ್ಡ. ಕೆಲಸ ಊರು ಬಿಟ್ಟು ಪಶ್ಚಿಮಕ್ಕೆ ಹೋಯ್ತು, ರಸ್ತೆ ಅದರ ಹಿಂದೆ ಓಡಿತು. ಹಳೇ ಮುನಿಸಿಪಲ್ ಕಾರ್ಪೊರೇಷನ್ ಸುಮಾರು 170 ಚದರ ಕಿಲೋಮೀಟರ್ ಇತ್ತು. 2007ರಲ್ಲಿ ಹನ್ನೆರಡು ಮುನಿಸಿಪಾಲಿಟಿ ಸೇರಿಸಿ ಜಿಎಚ್‌ಎಂಸಿ ಮಾಡಿದಾಗ ಅದು 600 ದಾಟಿತು. 2009ರಲ್ಲಿ ವಿಮಾನ ನಿಲ್ದಾಣದ ಕಡೆ ಹನ್ನೊಂದೂವರೆ ಕಿಲೋಮೀಟರಿನ ಪಿವಿ ನರಸಿಂಹ ರಾವ್ ಎಕ್ಸ್‌ಪ್ರೆಸ್‌ವೇ, ಆಮೇಲೆ 158 ಕಿಲೋಮೀಟರಿನ ಔಟರ್ ರಿಂಗ್ ರೋಡ್. ತಮಾಷೆ ನೋಡಿ, ಇದೇ ವರ್ಷಗಳಲ್ಲಿ, 2006ರಲ್ಲಿ, ಕೇಂದ್ರ ಸರ್ಕಾರದ ನಗರ ಸಾರಿಗೆ ನೀತಿ ಬಂತು. ಅದರ ತಿರುಳು ಇಷ್ಟೇ: ರಸ್ತೆ ಇರೋದು ಜನರನ್ನ ಸಾಗಿಸೋಕೆ, ವಾಹನಗಳನ್ನಲ್ಲ.

ಇಲ್ಲಿ ಒಂದು ತಕರಾರು ಬರಬೇಕು. ಬರಲಿ. "ಸ್ವಾಮೀ, ನಾನು ಕೊಂಡಾಪುರದಲ್ಲಿ ಇರೋದು, ಆಫೀಸು ಮೈಂಡ್‌ಸ್ಪೇಸು. ನಾಲ್ಕು ಕಿಲೋಮೀಟರು. ದೂರ ಎಲ್ಲಿ ಬಂತು?" ಸರಿಯಾದ ಮಾತು. ನಮ್ಮಲ್ಲಿ ಬಹಳ ಜನ ಆಫೀಸಿನ ಹತ್ತಿರವೇ ಮನೆ ಹಿಡಿದಿದ್ದೀವಿ. ಉಸ್ಮಾನಿಯಾಕ್ಕೆ ತುಳೀತಿದ್ದ ಆ ಹುಡುಗರಷ್ಟೇ ದೂರ. ಬಿಸಿಲು ಅಂತೀರಾ? ಬಿಸಿಲು ಆಗಲೂ ಇತ್ತು.

ನನ್ನ ಪ್ರಕಾರ ಸೈಕಲ್ಲನ್ನ ಕೊಂದಿದ್ದು ಜಂಕ್ಷನ್ನು. ಎದುರಿಗೆ ಆಫೀಸಿನ ಗಾಜು ಕಾಣುತ್ತೆ. ಆದರೆ ಸಿಗ್ನಲ್ ಮುಚ್ಚಿ ಯೂ-ಟರ್ನ್ ಮಾಡಿದ್ದಾರೆ. ಕಾರಿನವನಿಗೆ ಆ ಸುತ್ತು ಎರಡು ನಿಮಿಷ, ಆಕ್ಸಿಲರೇಟರ್ ಒತ್ತಿದರೆ ಆಯ್ತು. ಸೈಕಲ್ಲಿನವನು ಅಷ್ಟು ದೂರ ತುಳಿದು, ವೇಗವಾಗಿ ಬರೋ ಕ್ಯಾಬುಗಳ ಮಧ್ಯೆ ಎಡದಿಂದ ಪೂರಾ ಬಲಕ್ಕೆ ಸರಿದು, ತಿರುಗಿಸಿಕೊಂಡು, ಮತ್ತೆ ಎಡಕ್ಕೆ ಬರಬೇಕು. ಫ್ಲೈಓವರ್ ಆದರೆ ಏರಿನಲ್ಲಿ ಉಸಿರು ಬಿಡ್ತಾ ಹೋಗುವಾಗ ಹಿಂದಿನಿಂದ ಹಾರ್ನು. ಬಯೋಡೈವರ್ಸಿಟಿ, ಕೊತ್ತಗುಡ, ಶಿಲ್ಪಾ ಲೇಔಟ್ ಅಂತ 2019ರಿಂದ 2023ರೊಳಗೆ ಒಂದರ ಹಿಂದೆ ಒಂದು ಫ್ಲೈಓವರ್ ಬಂದವು. ಕಾರಿನವರಿಗೆ ಟೈಮ್ ಉಳಿದಿದೆ, ಸುಳ್ಳು ಹೇಳಲ್ಲ. ಸೈಕಲ್ ಹೇಗೆ ದಾಟಬೇಕು ಅಂತ ಮಾತ್ರ ಕೇಳಬೇಡಿ.

ಪ್ರಯತ್ನ ಆಗಿಲ್ಲ ಅಂತಲ್ಲ. 2015ರಲ್ಲಿ ಹೈಟೆಕ್ ಸಿಟಿಯಲ್ಲಿ 'ಕಾರ್ ಫ್ರೀ ಥರ್ಸ್‌ಡೇ' ಮಾಡಿದರು, ಗುರುವಾರ ಕಾರು ಬಿಟ್ಟು ಬನ್ನಿ ಅಂತ. 2017ರ ನವೆಂಬರಿನಲ್ಲಿ ಮೆಟ್ರೋ ಶುರುವಾದ ಹೊಸದರಲ್ಲಿ ಸ್ಟೇಷನ್ ಹತ್ತಿರ ಬಾಡಿಗೆ ಸೈಕಲ್ ಇಟ್ಟರು. ಯಾವುದೂ ಅಭ್ಯಾಸ ಆಗಿ ಬೇರೂರಲಿಲ್ಲ.

ಆಮೇಲೆ ಬಂದದ್ದು ನೀವು ಕೇಳಿದ ಸೋಲಾರ್ ಟ್ರ್ಯಾಕ್. 2023ರ ಅಕ್ಟೋಬರ್ 1ಕ್ಕೆ ತೆರೀತು. ಔಟರ್ ರಿಂಗ್ ರೋಡಿನ ಪಕ್ಕ 23 ಕಿಲೋಮೀಟರ್, ನಾಲ್ಕೂವರೆ ಮೀಟರ್ ಅಗಲ, ಮೇಲೆ 16 ಮೆಗಾವ್ಯಾಟಿನ ಸೋಲಾರ್ ಚಾವಣಿ. ದಕ್ಷಿಣ ಕೊರಿಯಾದಲ್ಲಿ ಹೆದ್ದಾರಿ ನಡುವೆ ಇಂಥದ್ದೊಂದು ಇದೆ, ಅದರಿಂದ ಬಂದ ಐಡಿಯಾ. ನಾನು ಅದರ ಮೇಲೆ ಹಲವು ಸಲ ತುಳಿದಿದ್ದೀನಿ. ನಿಜವಾಗಿಯೂ ಚೆನ್ನಾಗಿದೆ. ಮೇ ತಿಂಗಳಲ್ಲೂ ನೆರಳು, ಮಕ್ಕಳನ್ನ ಧೈರ್ಯವಾಗಿ ಬಿಡಬಹುದು. ಆದ್ರೆ ಭಾನುವಾರ ಬೆಳಿಗ್ಗೆ ಅದರ ಬಾಯಲ್ಲಿ ನಿಂತು ನೋಡಿ: ಕಾರುಗಳ ಸಾಲು, ಕಾರಿನ ಹಿಂದೆ ಕಟ್ಟಿದ ಸೈಕಲ್ಲು. ಸೈಕಲ್ ತುಳಿಯೋ ಜಾಗಕ್ಕೆ ಸೈಕಲ್ ಮೇಲೆ ಬರೋಕೆ ಆಗಲ್ಲ.

ಈ ಕಾರಿಡಾರಿನಲ್ಲಿ ದಿನಾ ಕೆಲಸಕ್ಕೆ ಸೈಕಲ್ ತುಳಿಯೋವ್ರು ಇಲ್ಲವೇ ಇಲ್ಲ ಅಂದ್ಕೋಬೇಡಿ. ಬೆಳಿಗ್ಗೆ ಆರಕ್ಕೆ, ರಾತ್ರಿ ಹತ್ತಕ್ಕೆ ಶಿಫ್ಟ್ ಬದಲಾಗುವಾಗ ನೋಡಿ. ಸೆಕ್ಯುರಿಟಿಯವರು, ತೋಟದ ಕೆಲಸದವರು, ಹೌಸ್‌ಕೀಪಿಂಗ್‌ನವರು. ಅವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯವರೂ ಇದ್ದಾರೆ. ನಮ್ಮ ಹಾಗೇ ಕನ್ನಡ ಮಾತಾಡ್ತಾ ಈ ಊರಿಗೆ ಕೆಲಸಕ್ಕೆ ಬಂದವರೇ. ಸಂಘದ ರಾಜ್ಯೋತ್ಸವದಲ್ಲಿ ಮಾತ್ರ ಅವರು ನಮಗೆ ಸಿಗಲ್ಲ. ಗುರುಮಠಕಲ್ ಕಡೆಯ ಒಬ್ಬ ಗಾರ್ಡ್ ಗೋಪನ್‌ಪಲ್ಲಿಯಿಂದ ಫೈನಾನ್ಷಿಯಲ್ ಡಿಸ್ಟ್ರಿಕ್ಟಿಗೆ ದಿನಾ ಸೈಕಲ್ ಮೇಲೆ ಬರ್ತಾರೆ. ಸೋಲಾರ್ ಟ್ರ್ಯಾಕ್ ಉಪಯೋಗಕ್ಕೆ ಬಂತಾ ಅಂತ ಕೇಳಿದೆ.

"ಅದು ಛಲೋ ಅದರೀ ಸರ. ಆದ್ರ ನಮ್ ಹಾದಿ ಆ ಕಡಿ ಇಲ್ಲಲ್ರಿ."

ಬಿಸಿಲಿಗೆ ಕಷ್ಟ ಆಗಲ್ವಾ ಅಂದೆ.

"ಬಿಸಲು ನಮಗೇನ್ ಹೊಸದೇನ್ರಿ? ಯಾದಗಿರಿ ಬಿಸಲು ಕಂಡೀವಿ. ರೋಡ್ ದಾಟೋದೇ ತ್ರಾಸ. ರಾತ್ರಿ ಇಳದು, ಸೈಕಲ್ ದಬ್ಕೊಂತ ಹೋಗ್ತೀನಿ."

ಇಳಿದು ದಬ್ಬಿಕೊಂಡು. ಅವರಿಗೆ ಬೇಕಾಗಿರೋದು 23 ಕಿಲೋಮೀಟರ್ ಅಲ್ಲ, ದಾಟೋಕೆ ಇಪ್ಪತ್ತು ಸೆಕೆಂಡಿನ ಒಂದು ಸಿಗ್ನಲ್ಲು.

ಇದು ನಮ್ಮ ದೇಶದಲ್ಲಿ ಆಗದ ಕೆಲಸ ಅಂತ ಯಾರಾದರೂ ಅಂದ್ರೆ ನೆದರ್ಲ್ಯಾಂಡ್ಸಿನ ಕಥೆ ಹೇಳಿ. 1960ರ ದಶಕದಲ್ಲಿ ಅಲ್ಲೂ ಕಾರು ಸೈಕಲ್ಲನ್ನ ಮೂಲೆಗೆ ತಳ್ಳಿತ್ತು. 1971ರಲ್ಲಿ ರಸ್ತೇಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಂದೆ ತಾಯಂದಿರು ಬೀದಿಗೆ ಬಂದ ಮೇಲೆ ರಸ್ತೆಗಳು ಬದಲಾದವು. ಅಷ್ಟು ದೂರ ಯಾಕೆ, 2017ರ ಜೂನಿನಲ್ಲಿ ಮೈಸೂರಿನಲ್ಲಿ 450 ಸೈಕಲ್ ಇಟ್ಟು 'ಟ್ರಿನ್ ಟ್ರಿನ್' ಶುರು ಮಾಡಿದರು. ಸಾಮಾನ್ಯ ಸೈಕಲ್ಲು, ಬಸ್ ಸ್ಟ್ಯಾಂಡು, ಅರಮನೆ, ಕಾಲೇಜು ಹತ್ತಿರ ನಿಲ್ದಾಣ. ಜನ ಹೋಗೋ ಕಡೆಗೇ ಸೈಕಲ್ ಇಟ್ಟರು.

ಇನ್ನೊಂದು ನೆನಪಿಸ್ತೀನಿ. 2006–07ರಿಂದ ಕರ್ನಾಟಕದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡ್ತಿತ್ತು. ಇದನ್ನ ಓದ್ತಿರೋ ಕೆಲವರು ಆ ಸೈಕಲ್ಲಿನ ಮೇಲೇ ಪಕ್ಕದ ಊರಿನ ಹೈಸ್ಕೂಲಿಗೆ ಹೋಗಿ, ಪಿಯುಸಿ, ಇಂಜಿನಿಯರಿಂಗ್ ಮುಗಿಸಿ ಇಲ್ಲಿಗೆ ಬಂದಿದ್ದೀರಿ. ನಿಮಗೆ ಸೈಕಲ್ ಏನು ಕೊಡುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಈಗ ನಿಮ್ಮಿಂದ ನನಗೆ ಒಂದು ಸಹಾಯ ಬೇಕು. ನಿಮ್ಮ ಟೆಕ್ ಪಾರ್ಕಿನಲ್ಲಿ ಸೈಕಲ್ ಎಲ್ಲಿ ನಿಲ್ಲಿಸೋಕೆ ಬಿಡ್ತಾರೆ, ನೋಡ್ಕೊಂಡು ಬರೆಯಿರಿ. ನನಗೆ ಒಂದು ಕಡೆ ಬೇಸ್‌ಮೆಂಟಿಗೆ ಬಿಡದೆ ಹಿಂದಿನ ಗೇಟಿನ ಡೀಸೆಲ್ ಜನರೇಟರ್ ಪಕ್ಕ ನಿಲ್ಲಿಸಿ ಅಂದರು. ಅಲ್ಲಿ ಆಗಲೇ ಹನ್ನೆರಡು ಸೈಕಲ್ ಇದ್ದವು, ಎಲ್ಲವೂ ಗಾರ್ಡುಗಳದ್ದು, ಮಾಲಿಗಳದ್ದು. ಕಂಪನಿ ಹೆಸರು ಬೇಡ. ಸ್ಟ್ಯಾಂಡ್ ಇದೆಯಾ, ನೆರಳಿದೆಯಾ, ಎಷ್ಟು ಸೈಕಲ್ ಇವೆ, ಮನೆಯಿಂದ ಬರುವಾಗ ದಾಟೋಕೆ ಆಗದ ಜಂಕ್ಷನ್ ಯಾವುದು, ಇಷ್ಟು ಸಾಕು. ನೂರು ಉತ್ತರ ಸೇರಿದ ಮೇಲೆ ಜಂಕ್ಷನ್ ಹೆಸರುಗಳ ಪಟ್ಟಿ ಮಾಡಿ ಟ್ರಾಫಿಕ್ ಪೊಲೀಸರಿಗೂ ಜಿಎಚ್‌ಎಂಸಿಗೂ ಕೊಡ್ತೀನಿ. ವಿಪ್ರೋ ಸರ್ಕಲ್ ಅಂತ ಮೊದಲನೇ ಸಾಲು ಬರೆದಾಗಿದೆ. ಅದು ಗುರುಮಠಕಲ್ಲಿನವರದ್ದು.