ಅಂಚೆ ಓಡಿದ ದಾರಿ

ಮರಳವಾಡಿಯಿಂದ ಹಾರೋಹಳ್ಳಿಗೆ ಬಂದರೆ ನಿಮಗೆ ಬೆಂಗಳೂರು–ಕನಕಪುರ ರಸ್ತೆ ಸಿಗುತ್ತದೆ. ಅದರ ಪಶ್ಚಿಮಕ್ಕೆ, ರಾಮನಗರ, ಚನ್ನಪಟ್ಟಣಗಳನ್ನು ಹಾದು ಮೈಸೂರಿಗೆ ಹೋಗುವ ಹೆದ್ದಾರಿಯಿದೆ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 140 ಕಿ.ಮೀ. ಮೋಟಾರಾಗಲೀ ತಂತಿಯಾಗಲೀ ಇಲ್ಲದ ಕಾಲದಲ್ಲಿ ಒಂದು ಪತ್ರ ಈ ದೂರವನ್ನು ಎಷ್ಟು ಹೊತ್ತಿನಲ್ಲಿ ಕ್ರಮಿಸಬಹುದಿತ್ತು?

ಲೆಕ್ಕ ಹಾಕಿ ನೋಡಿ. ಒಬ್ಬನೇ ದಿನಕ್ಕೆ 35 ಕಿ.ಮೀ. ನಡೆದರೆ ನಾಲ್ಕು ದಿನ ಬೇಕು. ದಣಿಯುವವನು ಮನುಷ್ಯ, ಪತ್ರವಲ್ಲವಷ್ಟೆ! ಹತ್ತು ಹತ್ತು ಕಿ.ಮೀ.ಗೆ ಹೊಸಬನೊಬ್ಬ ಕಾದಿದ್ದು, ಗಂಟೆಗೆ 7 ಕಿ.ಮೀ.ನಂತೆ ಹಗಲಿರುಳು ಓಡಿದರೆ 20 ಗಂಟೆ ಸಾಕು.

ಜಪಾನಿನಲ್ಲಿ ಟೊಕುಗಾವ ಇಯೆಯಾಸು 1601ರಲ್ಲಿ ಈ ತತ್ತ್ವದ ಮೇಲೆಯೇ ಟೊಕಾಯ್ಡೊ ಹೆದ್ದಾರಿಯನ್ನು ವ್ಯವಸ್ಥೆಗೊಳಿಸಿದ. ಎಡೊ (ಇಂದಿನ ಟೋಕಿಯೊ) ಮತ್ತು ಕ್ಯೋಟೊ ನಡುವಿನ ಸುಮಾರು 490 ಕಿ.ಮೀ. ದಾರಿಯಲ್ಲಿ 53 ತಂಗುದಾಣಗಳಾದವು. ಅಲ್ಲಿಗೆ ಕುದುರೆ, ಹೊರೆಯಾಳುಗಳು ಸಾಲದಾದಾಗ ಸುತ್ತಲಿನ ಹಳ್ಳಿಗಳವರೇ ಒದಗಿಸಬೇಕಿತ್ತು. ವೇಗದ ಬೆಲೆ ತೆತ್ತವರು ರೈತರು.

ನಮ್ಮಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಮೈಸೂರು ಅಂಚೆಯನ್ನು ಸ್ಥಾಪಿಸಿದರು. (ಹಂಸ ಪದದ ತದ್ಭವವೂ ಅಂಚೆಯೇ. ದಮಯಂತಿಗೆ ಸಂದೇಶ ತಂದದ್ದು ಹಂಸವೆಂಬುದನ್ನು ನೀವು ಓದಿರುತ್ತೀರಿ.) ಆದರೆ ಅಂಚೆಯವರು ಪತ್ರ ಸಾಗಿಸುವುದರೊಂದಿಗೆ ಅವನ್ನು ಒಡೆದು ಓದಿ ಅರಮನೆಗೆ ವರದಿ ಮಾಡುತ್ತಿದ್ದರೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಗುಪ್ತಚರ ಇಲಾಖೆಯೆಂದರೂ ಸಲ್ಲುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೊಂದು ಇದೇ ಸೀಮೆಯಲ್ಲಿದೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದತ್ತ ಹೊರಟಾಗ ಟಿಪ್ಪು ಚನ್ನಪಟ್ಟಣದ ದಾರಿಯನ್ನು ಕಾಯುತ್ತಿದ್ದ. ಹಾಗಾಗಿ ಸೇನೆ ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ, ಬಳಸುದಾರಿ ಹಿಡಿಯಿತು. ದಾರಿಯುದ್ದಕ್ಕೂ ಮೇವನ್ನು ಟಿಪ್ಪುವಿನ ಕಡೆಯವರು ಮೊದಲೇ ಸುಟ್ಟಿದ್ದರು. ಪತ್ರಕ್ಕಾದರೆ ದಾರಿಯಲ್ಲಿ ಆಳು ಬದಲಾಗುತ್ತಾನೆ; ಫಿರಂಗಿ ಎಳೆಯುವ ಸಾವಿರಾರು ಎತ್ತುಗಳನ್ನು ಬದಲಿಸುವುದೆಲ್ಲಿಂದ? ಎತ್ತುಗಳು ಸತ್ತವು. ಅರಕೆರೆಯ ಬಳಿ ಗೆದ್ದೂ ಕಾರ್ನ್‌ವಾಲಿಸ್ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಸೋಲಿಸಿದ್ದು ಮೇವಿನ ಕೊರತೆ ಎಂದೇ ನನಗೆ ತೋರುತ್ತದೆ.

ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಇಲಾಖೆ ಹೋದರೂ ಹೆಸರು ಉಳಿಯಿತು. ಇಂದಿಗೂ ನೀವು ಹೋಗುವುದು ಅಂಚೆ ಕಚೇರಿಗೇ.